ಮ್ಯಾಕ್ಸೀನ್ ಇಳಿದ ದಾರಿ

ಮ್ಯಾಕ್ಸೀನ್ ರಿವೆಟ್ ತೀರಿಕೊಂಡದ್ದು ಪೆಡ್ಲರ್ ಬೆಟ್ಟದ ಪಡುವಣ ದಾರಿಯಲ್ಲಿ, ಕೆಳಕ್ಕೆ ಇಳಿದು ಬರುತ್ತಿದ್ದಾಗ. ಹೃದಯ ನಿಂತಿತು ಎಂದರು ಡಾಕ್ಟರು. ಅದು ನಮಗೆ ಅರ್ಥವಾಯಿತು, ಎಪ್ಪತ್ತಮೂರು ವರ್ಷ ಬಡಿದ ಹೃದಯ. ಅವಳು ಆ ಕಡೆಯಿಂದ ಯಾಕೆ ಇಳಿಯುತ್ತಿದ್ದಳು ಎಂಬುದು ಮಾತ್ರ ನಮ್ಮೂರಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ.

ಪೆಡ್ಲರಿನ ದಾರಿ ಒಂದು ಸುತ್ತು. ಕಾರು ನಿಲ್ಲಿಸುವ ಜಾಗದಿಂದ ಎಡಕ್ಕೆ ಹೋದರೆ ಹಳ್ಳದ ಪಕ್ಕದಲ್ಲಿ ಹತ್ತುವ ಕಡಿದಾದ ಪಡುವಣ ದಾರಿ, ಬಲಕ್ಕೆ ಹೋದರೆ ಬೆಟ್ಟದ ಬೆನ್ನಿನ ಮೇಲೆ ನಿಧಾನವಾಗಿ ಏರುವ ಉದ್ದನೆಯ ಮೂಡಣ ದಾರಿ. ಎರಡೂ ನೆತ್ತಿಯಲ್ಲಿ, ಕಾಡ್ಗಿಚ್ಚು ಕಾಯುವ ಉಕ್ಕಿನ ಗೋಪುರದ ಬುಡದಲ್ಲಿ ಸೇರುತ್ತವೆ. ನಾವು ಪಡುವಣದಲ್ಲಿ ಹತ್ತುತ್ತೇವೆ, ಮೂಡಣದಲ್ಲಿ ಇಳಿಯುತ್ತೇವೆ. ಇದಕ್ಕೆ ಕಾರಣ ಮ್ಯಾಕ್ಸೀನಳ, ಅಂದರೆ ನಮ್ಮೆಲ್ಲರ ಮ್ಯಾಕ್ಸಿನ, ಅಪ್ಪ ಹಾಲಿಸ್ ಟೆಫ್ಟ್. ಅವನು ಇಪ್ಪತ್ತೆರಡು ಬೇಸಿಗೆ ಆ ಗೋಪುರದ ಕಾವಲುಗಾರನಾಗಿದ್ದ. ಬೆಳಗ್ಗೆ ಹಳ್ಳದಲ್ಲಿ ಕ್ಯಾನು ತುಂಬಿಕೊಂಡು ಹತ್ತುತ್ತಿದ್ದ, ಸಂಜೆ ಟೆಲಿಫೋನ್ ತಂತಿಯ ಮೇಲೆ ಮರ ಬಿದ್ದಿದೆಯೇ ಎಂದು ನೋಡಿಕೊಂಡು ಇಳಿಯುತ್ತಿದ್ದ. ತಂತಿ ಇದ್ದದ್ದು ಮೂಡಣದಲ್ಲಿ. ತಂತಿ ಹೋಗಿ ಐವತ್ತು ವರ್ಷವಾಯಿತು. ಹೊಗೆ ನೋಡಲು ವಿಮಾನ ಬಂದ ಮೇಲೆ ಕಾವಲುಗಾರನ ಕೆಲಸವೂ ಹೋಯಿತು, ಹಾಲಿಸನೂ ಹೋದ. ನಮ್ಮೂರ ಕಾಲುಗಳು ಮಾತ್ರ ಇವತ್ತಿಗೂ ಹಾಲಿಸನ ಸುತ್ತನ್ನೇ ಸುತ್ತುತ್ತವೆ. ತಿರುಗಾಮುರುಗಾ ಹೋಗುವವರು ಆಲ್ಬನಿಯವರೋ ನ್ಯೂಯಾರ್ಕ್ ಪಟ್ಟಣದವರೋ ಆಗಿರುತ್ತಾರೆ.

ಮ್ಯಾಕ್ಸ್ ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದಳು. ನಾನು ಊರಿನ ಪುಟ್ಟ ಲೈಬ್ರರಿಯಲ್ಲಿದ್ದೆ. ಅವಳ ಗಂಡ ರೇಮಂಡ್ ಒಂದು ದಿನ ಮೀನು ಹಿಡಿಯಲು ವರ್ಮಾಂಟ್‌ಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದುಬಿಟ್ಟ. ಆ ವರ್ಷವೇ ಮ್ಯಾಕ್ಸ್ ಪೆಡ್ಲರಿನ ದಾರಿಯನ್ನು ದತ್ತು ತೆಗೆದುಕೊಂಡಳು. ನಮ್ಮಲ್ಲಿ ಹಾಗೇ ಹೇಳುವುದು. ಬೆಟ್ಟ ಹತ್ತುವವರ ಕ್ಲಬ್ಬಿನಲ್ಲಿ ಹೆಸರು ಬರೆಸಿದರೆ ಆ ದಾರಿ ನಿಮ್ಮದು. ಬಿದ್ದ ಮರ ಕಡಿಯಬೇಕು, ನೀರು ಹರಿದುಹೋಗಲು ಕಾಲುವೆ ಬಿಡಿಸಬೇಕು, ಮರಗಳಿಗೆ ಕೆಂಪು ಬಿಲ್ಲೆ ಹೊಡೆಯಬೇಕು. ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆ, ಅದನ್ನು ನೋಡಿಕೊಂಡೇ ಜನ ದಾರಿ ಹಿಡಿಯುವುದು.

"ಗಂಡನ್ನ ಕಳ್ಕೊಂಡು ಬೆಟ್ಟ ತಗೊಂಡೆ," ಎನ್ನುತ್ತಿದ್ದಳು. "ಲಾಭಾನೇ. ಇದು ಗೊರಕೆ ಹೊಡೆಯಲ್ಲ."

ಪ್ರತಿ ಬುಧವಾರ ನಾನೂ ಜೊತೆಗೆ ಹೋಗುತ್ತಿದ್ದೆ. ಮೊಳೆ ಹಿಡಿದುಕೊಳ್ಳುವುದು ನನ್ನ ಕೆಲಸ. ಮೊಳೆಯನ್ನು ಪೂರ್ತಿ ಬಡಿಯಬಾರದು, ಅರ್ಧ ಬೆರಳಿನಷ್ಟು ಹೊರಗೆ ಬಿಡಬೇಕು. ಇಲ್ಲದಿದ್ದರೆ ಮರ ದಪ್ಪವಾಗುತ್ತ ಬಿಲ್ಲೆಯನ್ನು ನುಂಗಿಬಿಡುತ್ತದೆ. ಇದನ್ನು ನನಗೆ ಕಲಿಸಿದವಳು ಅವಳು. ನಾನು ದಾರಿಯಲ್ಲಿ ಹಿಂದೆ ಬಿದ್ದಾಗ ಮೇಲಿನಿಂದ ಕೂಗುತ್ತಿದ್ದಳು: "ಲೂ, ಬಾರೇ! ಪುಸ್ತಕದ ಪುಟ ಮಡಚಿಟ್ಟ ಹಾಗೆ ಅಲ್ಲಲ್ಲೇ ನಿಂತುಬಿಡ್ತೀಯಲ್ಲ!"

ಹೋದ ಜುಲೈ ತಿಂಗಳ ಒಂದು ಬುಧವಾರ ನಾವು ಗೋಪುರದ ಮೇಲಿನ ಕೋಣೆಯಲ್ಲಿದ್ದೆವು. ನಡುವೆ ಹಾಲಿಸನ ಕಾಲದ ಗುಂಡು ನಕ್ಷೆ ಇದೆ, ಸುತ್ತಲೂ ಕಿಟಕಿ. ಒಂದು ಸಂಸಾರ ಮೇಲೆ ಬಂದಿತ್ತು. ಆ ತಾಯಿ ಕೆಳಗೆ ಮಿನುಗುತ್ತಿದ್ದ ಕೊಳವನ್ನು ತೋರಿಸಿ ಹೆಸರೇನು ಎಂದು ಕೇಳಿದಳು. ಮ್ಯಾಕ್ಸ್ ಬಾಯಿ ತೆರೆದಳು, ಮಾತು ಬರಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟಳು, ತೆಗೆದಳು. ಅದು ಥರ್ಸ್ಟನ್ ಕೊಳ. ಅದರ ದಡದ ಮನೆಯಲ್ಲೇ ಅವಳು ಹುಟ್ಟಿದ್ದು. ನಾನೇ ಹೆಸರು ಹೇಳಿದೆ. ಅವರು ಇಳಿದು ಹೋದ ಮೇಲೆ ಮ್ಯಾಕ್ಸ್ ಅಂದಳು, "ನಿನ್ನ ಪರೀಕ್ಷೆ ಮಾಡ್ತಿದ್ದೆ ಕಣೇ. ಪಾಸಾದೆ."

ನಕ್ಕೆವು. ನಾನು ಮೊದಲು ನಿಲ್ಲಿಸಿದೆ.

ಆಗಸ್ಟಿನಲ್ಲಿ ಅವಳ ಮಗಳು ಕೊಲೆಟ್ ಫೋನು ಮಾಡಿದಳು. ಅವಳು ಮುಕ್ಕಾಲು ಗಂಟೆ ದೂರದ ಪ್ಲ್ಯಾಟ್ಸ್‌ಬರ್ಗಿನಲ್ಲಿ ದಂತವೈದ್ಯರೊಬ್ಬರ ಆಫೀಸಿನಲ್ಲಿದ್ದಾಳೆ.

"ಲೂ ಆಂಟಿ, ನಿಜ ಹೇಳಿ. ಅಮ್ಮಂಗೆ ಮರೆವು ಬರ್ತಿದೆಯಾ?"

"ನನಗಿಂತ ಜಾಸ್ತಿ ಏನಿಲ್ಲ."

"ಒಬ್ಬಳೇ ಬೆಟ್ಟಕ್ಕೆ ಹೋದ್ರೆ ಪರವಾಗಿಲ್ವಾ?"

"ಪೆಡ್ಲರಾ? ಕಣ್ಣು ಮುಚ್ಕೊಂಡು ಹತ್ತುತ್ತಾಳೆ ಬಿಡು."

ಹೌದು ಎಂದಿದ್ದರೆ ಕೊಲೆಟ್ ಕಾರಿನ ಕೀ ಕಿತ್ತುಕೊಳ್ಳುತ್ತಿದ್ದಳು. ಮ್ಯಾಕ್ಸಿಗೆ ಬೆಟ್ಟ ಹೋಗುತ್ತಿತ್ತು. ನನಗೆ ಬುಧವಾರ ಹೋಗುತ್ತಿತ್ತು. ನಾನು ಇದರಲ್ಲಿ ಯಾವುದನ್ನು ಮೊದಲು ಯೋಚಿಸಿದೆ ಎಂದು ಈಗ ಎಷ್ಟು ಕೆದಕಿದರೂ ನೆನಪಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಮಂಡಿ ಊದಿಕೊಂಡು ನಾನು ಹೋಗುವುದು ನಿಂತಿತು. ಅಕ್ಟೋಬರಿನ ಒಂದು ಸೋಮವಾರ ಅವಳು ಒಬ್ಬಳೇ ಹೋದಳು. ಹನ್ನೊಂದೂವರೆಗೆ ಗೋಪುರದ ಬುಡದಲ್ಲಿ ಇಬ್ಬರು ಕಾಲೇಜು ಹುಡುಗಿಯರು ಅವಳನ್ನು ನೋಡಿದ್ದರು. ಚೀಸು, ಹಸಿ ಈರುಳ್ಳಿಯ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಅವರಿಗೆ ಕೊಟ್ಟಿದ್ದಳಂತೆ. ಮೂರು ಗಂಟೆಗೆ ಪಡುವಣದಲ್ಲಿ ಹತ್ತುತ್ತಿದ್ದ ಒಬ್ಬನಿಗೆ, ಹಳ್ಳದ ಮೇಲಿನ ಮರದ ಸೇತುವೆಯಿಂದ ಸ್ವಲ್ಪ ಮೇಲೆ, ಅವಳು ಬಿದ್ದಿರುವುದು ಕಂಡಿತು. ಅಲ್ಲಿಂದಲೇ ಕೆಳಗೆ ಹೊತ್ತು ತಂದರು.

ಮಣ್ಣು ಮಾಡಿದ ಮೇಲೆ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಊಟ. ಯಾವಾಗಲೂ ಇರುವ ಮ್ಯಾಕರೋನಿ ಸಾಲಡ್ಡು, ಮಾಂಸದ ಸಾರು ಸುರಿದ ಸಾಸೇಜು ಬನ್ನು. ಅವಳನ್ನು ಕೆಳಗೆ ತಂದವರಲ್ಲೊಬ್ಬನಾದ ಅರಣ್ಯ ರೇಂಜರ್ ಡ್ವೈಟ್ ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದ. ನಲವತ್ತು ದಾಟಿದ್ದಾನೆ, ಚಿಕ್ಕವನಿದ್ದಾಗ ಮ್ಯಾಕ್ಸಿನ ಬಸ್ಸಿನಲ್ಲೇ ಶಾಲೆಗೆ ಹೋದವನು.

"ಮಿಸೆಸ್ ರಿವೆಟ್ ನನ್ನನ್ನ ಎರಡು ಸಲ ಬಸ್ಸಿಂದ ಇಳಿಸಿದಾರೆ," ಅಂದ. "ಎರಡು ಸಲಾನೂ ತಪ್ಪು ನಂದೇ."

"ಡ್ವೈಟ್, ಅವಳು ಇಳೀತಾನೇ ಇದ್ದಳಾ? ಖಂಡಿತಾನಾ?"

"ಬೂಟಿನ ಗುರುತು ಕೆಳಮುಖವಾಗಿತ್ತು ಮೇಡಂ. ಮೇಲೆ ಹುಡುಗಿಯರು ಬೇರೆ ನೋಡಿದಾರೆ."

"ಕೈಯಲ್ಲಿ ಏನಿತ್ತು?"

"ಕೈಯಲ್ಲಿ ಏನಿಲ್ಲ. ಚೀಲದಲ್ಲಿ ಸುತ್ತಿಗೆ, ಮೊಳೆ, ಬಿಲ್ಲೆ. ಅದು ಯಾವಾಗ್ಲೂ ಇರ್ತಿತ್ತಲ್ಲ. ಚರ್ಚಿಗೂ ಅದೇ ಚೀಲ ತರ್ತಿದ್ರು." ಅವನು ಬನ್ನನ್ನು ನೋಡುತ್ತ ಹೇಳಿದ, "ವಯಸ್ಸಾದವರಿಗೆ ತಲೆ ತಿರುಗಿಬಿಡುತ್ತೆ. ಮೇಲೆ ಹೋಗಿ ಯಾವ ಕಡೆಯಿಂದ ಬಂದೆ ಅನ್ನೋದೇ ಮರೆತುಹೋಗಿರಬಹುದು."

ಕೊಲೆಟ್ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಕೇಳಿಸಿತ್ತು. "ದಾರಿ ತಪ್ಪಿತು, ಅಷ್ಟೆ," ಅಂದಳು. "ತನ್ನ ಬೆಟ್ಟದಲ್ಲೇ." ಮತ್ತೆ ನನ್ನ ಕಡೆ ತಿರುಗದೆ, "ನೀವೇ ಹೇಳಿದ್ರಲ್ಲ ಆಂಟಿ, ಕಣ್ಣು ಮುಚ್ಕೊಂಡು ಹತ್ತುತ್ತಾಳೆ ಅಂತ." ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮ್ಯಾಕ್ಸಿಗೆ ದಾರಿ ತಪ್ಪಿತ್ತೆಂದರೆ, ಅವಳನ್ನು ಬೆಟ್ಟಕ್ಕೆ ಕಳಿಸಿದ್ದು ನನ್ನ ಸುಳ್ಳು. ತಪ್ಪಿರಲಿಲ್ಲವೆಂದರೆ, ಅವಳು ಎಲ್ಲಿದ್ದರೂ ಹೃದಯ ನಿಲ್ಲುತ್ತಿತ್ತು. ತಿಳಿದುಕೊಳ್ಳಲು ಬೇರೆ ಉಪಾಯ ತೋಚಲಿಲ್ಲ. ಅವಳು ಇಳಿದ ಕಡೆಯಿಂದ ನಾನೂ ಇಳಿದು ನೋಡಬೇಕು.

ನವೆಂಬರಿನ ಮೊದಲ ವಾರ ಕ್ಲಬ್ಬಿನವರು, ಹಿಮ ಬೀಳುವ ಮೊದಲು ಪೆಡ್ಲರಿನ ದಾರಿ ಒಮ್ಮೆ ನೋಡಿ ಬರುತ್ತೀರಾ ಎಂದು ಕೇಳಿದರು. ಕೊಲೆಟ್ ಮ್ಯಾಕ್ಸಿನ ಚೀಲ ತಂದುಕೊಟ್ಟಳು. ಮಂಡಿಗೆ ಪಟ್ಟಿ ಬಿಗಿದು, ಜಿಂಕೆ ಬೇಟೆಯ ಕಾಲವಾದ್ದರಿಂದ ಬೇಟೆಗಾರರ ಕಣ್ಣಿಗೆ ಬೀಳಲೆಂದು ಕಿತ್ತಳೆ ಟೋಪಿ ಹಾಕಿಕೊಂಡು ಹೊರಟೆ. ದಾರಿಯ ಬಾಯಲ್ಲಿರುವ ಪೆಟ್ಟಿಗೆ ತೆರೆದು ರಿಜಿಸ್ಟರಿನಲ್ಲಿ ಹೆಸರು, ಎಷ್ಟು ಜನ, ಎಲ್ಲಿಗೆ ಎಂದು ಬರೆದೆ. ಆಮೇಲೆ ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದೆ. ಬಲಕ್ಕೆ ತಿರುಗಿದೆ.

ಅರ್ಧ ಗಂಟೆಯಲ್ಲಿ ದಾರಿ ಕಳೆದುಕೊಂಡೆ.

ಉತ್ಪ್ರೇಕ್ಷೆಯಲ್ಲ. ಬೀಚ್ ಮರಗಳ ಎಲೆ ನೆಲವನ್ನೆಲ್ಲ ಮುಚ್ಚಿತ್ತು. ನೂರಾರು ಸಲ ಇಳಿದಿದ್ದ ಜಾಗ ಹತ್ತುವಾಗ ಯಾರದೋ ಕಾಡಿನಂತೆ ಕಂಡಿತು. ಒಂದು ಬಿಲ್ಲೆಯೂ ಕಾಣಲಿಲ್ಲ. ಅತ್ತ ನಡೆದೆ, ಇತ್ತ ನಡೆದೆ, ಒಂದು ಉರುಳಿದ ಮರವನ್ನು ಎರಡು ಸಲ ದಾಟಿದೆ. ಕಿರುಚಬೇಕೆನ್ನಿಸಿ ಹಿಂದಕ್ಕೆ ತಿರುಗಿದೆ, ಕಾರಿನ ಕಡೆಗೆ ಓಡಿಬಿಡೋಣ ಎಂದು. ಮೂರು ಮರಗಳಿಂದ ಮೂರು ಕೆಂಪು ಬಿಲ್ಲೆ ನನ್ನನ್ನೇ ನೋಡುತ್ತಿದ್ದವು.

ಆಗ ಹೊಳೆಯಿತು. ಬಿಲ್ಲೆಗಳೆಲ್ಲ ಇಳಿಯುವವರ ಕಡೆ ಮುಖ ಮಾಡಿದ್ದವು. ಎಲ್ಲವೂ. ಮರದ ಎರಡೂ ಬದಿಗೆ ಹೊಡೆಯಬೇಕು ಎಂಬುದು ಕ್ಲಬ್ಬಿನ ಮೊದಲ ಪಾಠ. ಆದರೆ ಮ್ಯಾಕ್ಸ್ ಆ ಬೆಟ್ಟವನ್ನು ಒಂದೇ ಒಂದು ದಿನವೂ ತಿರುಗಾಮುರುಗಾ ಸುತ್ತಲಿಲ್ಲ. ಅವಳಿಗೆ ಮರಗಳಿಗೆ ಒಂದೇ ಮುಖ. ನಾನು ಅವಳ ಹಿಂದೆಯೇ ಮೂವತ್ತೈದು ವರ್ಷ ಮೊಳೆ ಹಿಡಿದುಕೊಂಡು ನಡೆದವಳು, ನನಗೂ ಕಾಣಲಿಲ್ಲ. ರಿಜಿಸ್ಟರಿನಲ್ಲಿ ಹೊರಗಿನವರು ಬರೆದಿಟ್ಟ ದೂರುಗಳನ್ನು ಅವಳು ನನಗೆ ಓದಿ ಹೇಳುತ್ತಿದ್ದಳು: ಬಲಕ್ಕೆ ಹೋದರೆ ಗುರುತೇ ಇಲ್ಲ, ಎರಡು ಗಂಟೆ ಅಲೆದೆವು. ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಚಡ್ಡಿ ಹಿಂದುಮುಂದಾಗಿ ಹಾಕ್ಕೊಂಡು ಜೇಬಿಲ್ಲ ಅಂದ ಹಾಗಾಯ್ತು!" ನಾನೂ ನಗುತ್ತಿದ್ದೆ.

"ಮ್ಯಾಕ್ಸ್, ಕತ್ತೆ ನೀನು!" ಎಂದು ಆ ಕಾಡಿನಲ್ಲಿ ಗಟ್ಟಿಯಾಗಿ ಬೈದೆ. ಸತ್ತ ಮೇಲೆ ಅವಳೊಡನೆ ಆಡಿದ ಮೊದಲ ಮಾತು ಅದು.

ನಾಲ್ಕು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ, ಬಿಲ್ಲೆ ನೋಡಿ, ಮತ್ತೆ ಮುಂದೆ ನಡೆದು, ಅಂತೂ ನೆತ್ತಿ ಮುಟ್ಟಿದೆ. ಮೂಡಣದುದ್ದಕ್ಕೂ ಹೊಸ ಬಿಲ್ಲೆ ಒಂದೂ ಇರಲಿಲ್ಲ. ಗೋಪುರ ಹತ್ತಲಿಲ್ಲ, ಮಂಡಿ ಒಪ್ಪಲಿಲ್ಲ. ಅದರ ಕಾಲಿಗೆ ಒರಗಿ ಕಾಫಿ ಕುಡಿದು ಪಡುವಣಕ್ಕೆ ಇಳಿಯತೊಡಗಿದೆ.

ಬಂಡೆ ಮುಗಿದು ಕಾಡು ಶುರುವಾಗುವಲ್ಲಿ ಮೊದಲನೆಯ ಸ್ಪ್ರೂಸ್ ಮರ. ಅದರ ಮೇಲೆ ಹೊಸ ಬಿಲ್ಲೆ. ನನ್ನ ಕಡೆಗೆ, ಇಳಿಯುವವಳ ಕಡೆಗೆ ಮುಖ. ಮೊಳೆ ಅರ್ಧ ಬೆರಳು ಹೊರಗೆ, ಇನ್ನೂ ಹೊಳೆಯುತ್ತಿತ್ತು. ಮರ ಬಳಸಿಕೊಂಡು ಆ ಬದಿಗೆ ಹೋದೆ. ಅಲ್ಲಿ ಹತ್ತುವವರಿಗೆಂದು ಹೊಡೆದಿದ್ದ ಹಳೆಯ ಬಿಲ್ಲೆ, ಅಂಚನ್ನು ತೊಗಟೆ ಕಚ್ಚಿಕೊಂಡಿತ್ತು. ಮುಂದಿನ ಮರದಲ್ಲೂ ಹಾಗೇ. ಅದರ ಮುಂದಿನದರಲ್ಲೂ.

ಅವಳು ಕೆಲಸ ಮಾಡುತ್ತಿದ್ದಳು. ಯಾವಾಗಲೋ, ಹೇಗೋ, ತನ್ನ ತಪ್ಪು ಅವಳಿಗೆ ಗೊತ್ತಾಗಿತ್ತು. ಸರಿಮಾಡಲೆಂದು ಇಳಿಮುಖವಾಗಿ ಒಂದೊಂದೇ ಮರ ಹಿಡಿದುಕೊಂಡು ಬಂದಿದ್ದಳು. ಕೆಳಗಿನಿಂದ ಹತ್ತಿಬಂದು ಅವಳನ್ನು ಹೊತ್ತೊಯ್ದವರಿಗೆ ಮೇಲಿನ ಈ ಬಿಲ್ಲೆಗಳು ಕಾಣುವಂತೆಯೇ ಇರಲಿಲ್ಲ. ಹದಿನಾರು ಮರ ಎಣಿಸಿದೆ. ಮಂಡಿ ನೋವು ಮರೆತು ಚಿಕ್ಕ ಹುಡುಗಿಯ ಹಾಗೆ ಇಳಿದೆ. ಡ್ವೈಟನಿಗೆ ಹೇಳಬೇಕು, ಕೊಲೆಟ್‌ಗೆ ಹೇಳಬೇಕು, ನನಗೆ ನಾನೇ ಹೇಳಿಕೊಳ್ಳಬೇಕು.

ಹದಿನೇಳನೆಯದು ಒಂದು ಬರ್ಚ್ ಮರ. ಅದಕ್ಕೆ ಐದು ಬಿಲ್ಲೆ ಹೊಡೆದಿತ್ತು. ಒಂದರ ಮೇಲೊಂದು, ಒಂದೇ ಬದಿಗೆ. ಮೊಳೆಗಳನ್ನು ಪೂರ್ತಿ ಬಡಿದು ಎರಡು ಬಿಲ್ಲೆ ಬಿರುಕು ಬಿಟ್ಟಿದ್ದವು. ಅಲ್ಲಿಂದ ದಾರಿ ಬಲಕ್ಕೆ ಬಾಗುತ್ತದೆ. ಬಿಲ್ಲೆಗಳು ಎಡಕ್ಕೆ ಹೋಗಿದ್ದವು.

ಎಡಕ್ಕೆ ದಾರಿಯಿಲ್ಲ. ಎಂದೂ ಇದ್ದದ್ದು ನನಗೆ ಗೊತ್ತಿಲ್ಲ. ಪೊದೆ ಸರಿಸಿಕೊಂಡು ಹೋದೆ. ಹನ್ನೊಂದು ಮರ. ಕಣ್ಣೆತ್ತರಕ್ಕೆ ಹನ್ನೊಂದು ಬಿಲ್ಲೆ, ಒಂದರಿಂದ ಇನ್ನೊಂದು ಕಾಣುವಷ್ಟೇ ದೂರ, ಮೊಳೆ ಅರ್ಧ ಬೆರಳು ಹೊರಗೆ. ಕೈ ತಪ್ಪಿರಲಿಲ್ಲ, ಅದೇ ನನ್ನನ್ನು ಕಂಗೆಡಿಸಿತು. ಅವಳು ಜೀವಮಾನದಲ್ಲಿ ಹೊಡೆದ ಅತ್ಯಂತ ಅಚ್ಚುಕಟ್ಟಾದ ಬಿಲ್ಲೆಗಳು ಅವು, ಎಲ್ಲಿಗೂ ಹೋಗದ ಕಡೆಗೆ. ಕೊನೆಯ ಮರದಾಚೆ ಒಂದು ಇಳಿಜಾರು, ಬೀಚ್ ಮರಗಳು, ಎಲೆ. ಬೇರೇನೂ ಇಲ್ಲ. ಅಲ್ಲಿ ನಿಂತು ಏನಾದರೂ ಕಾಣಬಹುದೆಂದು ಬಹಳ ಹೊತ್ತು ನೋಡಿದೆ.

ಮತ್ತೆ ಬರ್ಚಿಗೆ ಬಂದು ನಿಜವಾದ ದಾರಿ ಹಿಡಿದು ಕೆಳಗೆ ಹೋಗಿ ನೋಡಿದೆ. ಅಲ್ಲಿ ಬಿಲ್ಲೆಗಳು ಪುನಃ ಶುರುವಾಗಿದ್ದವು! ಒಂದೂ ತಪ್ಪಿಲ್ಲದೆ, ಸೇತುವೆಯ ಮೇಲಿನ ತಿರುವಿನವರೆಗೆ. ಹಾಗಾದರೆ ಅವಳು ದಾರಿ ತಪ್ಪಿ, ತಪ್ಪಿದ್ದು ಗೊತ್ತಾಗಿ ವಾಪಸು ಬಂದಳೇ? ಅಥವಾ ತಪ್ಪಿದ್ದೇ ಗೊತ್ತಾಗದೆ ಎರಡೂ ಕಡೆ ಹೊಡೆದಳೇ? ತಲೆ ಸರಿಯಿದ್ದವಳು ಆ ಹನ್ನೊಂದನ್ನು ಕಿತ್ತು ಹೋಗುತ್ತಿದ್ದಳಲ್ಲವೇ? ದಣಿದಿದ್ದಳೇನೋ. ಎದೆ ನೋಯುತ್ತಿತ್ತೇನೋ. ಇಷ್ಟು ವರ್ಷ ಓದಿದ ಪುಸ್ತಕಗಳಲ್ಲಿ ಒಂದೂ ನನ್ನ ಸಹಾಯಕ್ಕೆ ಬರಲಿಲ್ಲ.

ಹಿಮದ ಮೊದಲ ಪುಡಿ ಉದುರತೊಡಗಿತು. ಎಡಕ್ಕೆ ಹೋದ ಬಿಲ್ಲೆಗಳನ್ನು ಹಾಗೇ ಬಿಟ್ಟರೆ ನಾಳೆ ಯಾವನೋ ಆಲ್ಬನಿಯವನು ಅವನ್ನೇ ನಂಬಿ ಕಾಡಿಗೆ ಇಳಿಯುತ್ತಾನೆ. ಕೀಳಲೇಬೇಕು. ಆದರೆ ಕಿತ್ತರೆ ಉಳಿಯುವುದು ಸರಿಯಾದವು ಮಾತ್ರ. ಕೊಲೆಟ್‌ಳನ್ನು ಕರೆತಂದು ತೋರಿಸಬಹುದು: ನೋಡು, ನಿನ್ನಮ್ಮ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಮತ್ತೆ ಹತ್ತಿ ಹೋಗಿ ಮ್ಯಾಕ್ಸಿನ ಸುತ್ತಿಗೆಯ ಹಿಂಬದಿಯಿಂದ ಒಂದೊಂದೇ ಮೊಳೆ ಮೀಟಿದೆ. ಒಂದೊಂದೂ ಕೀರಲು ದನಿ ಮಾಡಿಕೊಂಡು ಬಂತು. ಹನ್ನೊಂದು, ಜೊತೆಗೆ ಬರ್ಚಿನ ನಾಲ್ಕು. ದಾರಿಹೋಕರಿಗಾಗಿ ಕೀಳುತ್ತಿದ್ದೇನೆ ಎಂದುಕೊಂಡೆ. ಅದು ನಿಜವೇ. ಅದಷ್ಟೇ ನಿಜವಲ್ಲ ಎಂಬುದೂ ಗೊತ್ತಿತ್ತು.

ಮ್ಯಾಕ್ಸಿನ ಮನೆಯಲ್ಲಿ ಕೊಲೆಟ್ ಅಡಿಗೆಮನೆಯ ಸಾಮಾನುಗಳನ್ನು ಪೆಟ್ಟಿಗೆಗಳಿಗೆ ತುಂಬುತ್ತಿದ್ದಳು. ನನ್ನ ಬೂಟಿನ ಕೆಸರು ನೋಡಿ, "ಹೋಗೇಬಿಟ್ರಾ? ಆ ಮಂಡಿ ಇಟ್ಕೊಂಡು?" ಅಂದಳು.

ಮೊದಲು ಒಳ್ಳೆಯದನ್ನು ಹೇಳಿದೆ. ಒಂದೇ ಬದಿಯ ಬಿಲ್ಲೆ, ಅವಳ ತಪ್ಪು, ಸರಿಮಾಡಲು ಇಳಿದದ್ದು, ಹದಿನಾರು ಮರ. ಕೊಲೆಟ್ ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತಳು.

"ಅಂದ್ರೆ ದಾರಿ ತಪ್ಪಿರ್ಲಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಮುಖ ನೋಡಿ ನಿಲ್ಲಿಸಬೇಕೆಂದೇ ಅನ್ನಿಸಿತು. ಹಿಂದೊಂದು ಸಲ ಹಾಗೆ ಅನ್ನಿಸಿಯೇ ನಿಲ್ಲಿಸಿದ್ದೆನಲ್ಲ. ಜೇಬಿನಿಂದ ಹದಿನೈದು ಬಿಲ್ಲೆ ತೆಗೆದು ಮೇಜಿನ ಮೇಲೆ ಸುರಿದೆ.

"ಇವೇನು?"

"ಇವನ್ನೂ ಅವಳೇ ಹೊಡೆದದ್ದು. ನಾಲ್ಕು ಒಂದೇ ಮರಕ್ಕೆ. ಹನ್ನೊಂದು ದಾರಿಯಿಲ್ಲದ ಕಡೆ." ಉಸಿರು ಎಳೆದುಕೊಂಡೆ. "ಕೊಲೆಟ್, ಆಗಸ್ಟಲ್ಲಿ ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ. ಅವಳಿಗೆ ಮರೆವು ಶುರುವಾಗಿತ್ತು."

"ಗೊತ್ತಿತ್ತು."

"ಏನು ಗೊತ್ತಿತ್ತು?"

"ಈಸ್ಟರ್‌ಗೆ ನಮ್ಮನೆಗೆ ಬಂದಿದ್ಲು. ಊಟ ಎಲ್ಲ ಆಯ್ತು. ಕೈ ಒರೆಸ್ಕೊಂಡು ನನ್ನನ್ನೇ ಕೇಳಿದ್ಲು, ಕೊಲೆಟ್ ಎಷ್ಟು ಹೊತ್ತಿಗೆ ಬರ್ತಾಳೆ ಅಂತ."

"ಮತ್ತೆ ನನ್ನನ್ನ ಯಾಕೆ ಕೇಳಿದೆ?"

"ನೀವು ಇಲ್ಲ ಅಂತೀರಿ ಅಂತ." ಅವಳು ಒಂದು ಬಿಲ್ಲೆಯನ್ನು ಉಗುರಿನಿಂದ ಕೆರೆದಳು. "ಹೌದು ಅಂದಿದ್ರೆ ನಾನು ಕೀ ಕಿತ್ಕೋಬೇಕಾಗಿತ್ತು. ಅಮ್ಮನ ಕೈಯಿಂದ! ನೀವಾದ್ರೆ ಕಿತ್ಕೋತಿದ್ರಾ?"

ನಾನು ಚೆದುರಿದ್ದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದೆ.

"ಆದ್ರೂ ನೀವು ಹೇಳಬೇಕಿತ್ತು," ಅಂದಳು, ದನಿ ಏರಿತು. "ನಿಮಗಿಂತ ಹತ್ತಿರದವರು ಅವಳಿಗೆ ಯಾರಿದ್ರು? ಹೇಳಬೇಕಿತ್ತು ಆಂಟಿ."

"ಹೌದು."

ಹೊರಗೆ ಯಾರದೋ ಟ್ರಕ್ಕು ಹೋಯಿತು. ಅವಳು ಎದ್ದು ನಿಂತವಳು ಮತ್ತೆ ಕುಳಿತಳು.

"ಆ ಹನ್ನೊಂದು ಮರ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲ ಅಂದ್ರೆ ಏನು? ಕೊನೇಲಿ ಏನಿದೆ?"

"ಇಳಿಜಾರು. ಬೀಚ್ ಮರ."

"ನಂಗೆ ನೋಡಬೇಕು."

"ಕಿತ್ತುಬಿಟ್ಟೆನಲ್ಲ. ನನಗೇ ಆ ಜಾಗ ಸಿಗುತ್ತೋ ಇಲ್ಲವೋ."

"ಯಾಕೆ ಕಿತ್ರಿ?" ಎಂದು ಅವಳು ಕೂಗಿಯೇ ಬಿಟ್ಟಳು. "ಅಮ್ಮ ಕೊನೇದಾಗಿ ಮಾಡಿದ್ದು ಅದು!"

"ಯಾರಿಗಾದರೂ ದಾರಿ ತಪ್ಪುತ್ತೆ ಅಂತ," ಅಂದೆ. ಹೇಳಿದ ಮೇಲೆ ನನಗೇ ಅದು ಸಾಲದು ಅನ್ನಿಸಿತು.

ಶನಿವಾರ ಇಬ್ಬರೂ ಹೋದೆವು. ಬರ್ಚ್ ಸಿಕ್ಕಿತು. ಅಲ್ಲಿಂದ ಎಡಕ್ಕೆ, ಕಾಲು ಮುಳುಗುವಷ್ಟು ಹಿಮದಲ್ಲಿ, ಮರದಿಂದ ಮರಕ್ಕೆ ಹೋಗಿ ಕೈಗವಸು ಬಿಚ್ಚಿ ತೊಗಟೆ ಸವರುತ್ತ ಮೊಳೆಯ ತೂತು ಹುಡುಕಿದೆವು. ಏಳು ಮರ ಸಿಕ್ಕವು. ಎಂಟನೆಯದು ಇದೇ ಎಂದು ನಾನೊಂದು ಮರ ಹಿಡಿದುಕೊಂಡೆ, ಅಲ್ಲ ಇದು ಎಂದು ಕೊಲೆಟ್ ಇನ್ನೊಂದನ್ನು ಹಿಡಿದುಕೊಂಡಳು. ಇಬ್ಬರೂ ಬಿಡಲಿಲ್ಲ.